ಹಳೆಯ ರೇಡಿಯೋ ಪೆಟ್ಟಿಗೆಯ ದುರಸ್ತಿ: ಮೊದಲು ತಕ್ಕಡಿ, ಆಮೇಲೆ ಅಂಟು

ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿ. ಮುರಿದ ಕೊಡೆ, ತೂತು ಬಿದ್ದ ಹಂಡೆ, ಹಳೆಯ ತೊಟ್ಟಿಲುಗಳ ನಡುವೆ ಒಂದು ಮರದ ಪೆಟ್ಟಿಗೆ ಇದ್ದರೂ ಇರಬಹುದು. ಮುಂಭಾಗದಲ್ಲಿ ಒರಟು ಬಟ್ಟೆಯ ಪರದೆ, ಅದರ ಕೆಳಗೆ ಊರುಗಳ ಹೆಸರು ಬರೆದ ಗಾಜಿನ ಪಟ್ಟಿ, ಎರಡೋ ನಾಲ್ಕೋ ತಿರುಗುಗುಂಡಿಗಳು. ಅದು ವಾಲ್ವ್ ರೇಡಿಯೋ. ಅದೃಷ್ಟವಿದ್ದರೆ ಒಳಗೆ, 1980ರ ದಶಕದಲ್ಲಿ ರದ್ದಾದ ರೇಡಿಯೋ ಪರವಾನಗಿಯ ಪುಸ್ತಕವೂ ಸಿಕ್ಕೀತು.

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿಂದ ಟ್ರಾನ್ಸಿಸ್ಟರ್ ರೇಡಿಯೋಗಳು ಊರೂರಿಗೆ ಬರುವವರೆಗೆ ನಮ್ಮ ಕಡೆಯ ಮನೆಗಳಲ್ಲಿ ಇಂಥ ಪೆಟ್ಟಿಗೆಗೆ ದೇವರ ಗೂಡಿನ ನಂತರದ ಸ್ಥಾನವಿತ್ತು. ಒಳಗಿನ ಯಂತ್ರವನ್ನು ಸರಿಮಾಡುವ ಕುಶಲಿಗಳು ಇಂದಿಗೂ ಅಲ್ಲಲ್ಲಿ ಸಿಗುತ್ತಾರೆ. ಆದರೆ ಪೆಟ್ಟಿಗೆ? ಅದನ್ನು ಹೆಚ್ಚಿನವರು ಒಲೆಗೆ ಹಾಕುತ್ತಾರೆ, ಇಲ್ಲವೇ ಪ್ರೀತಿಯಿಂದಲೇ ಕೆಡಿಸುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು.

ಅರಕಲಗೂಡು ತಾಲ್ಲೂಕಿನ ನಮ್ಮ ಹಳೆಯ ಮನೆಯ ಹೆಂಚು ಸರಿದು, ಎರಡು ಮಳೆಗಾಲ ತಂದೆಯವರ ರೇಡಿಯೋದ ಮೇಲೆ ನೀರು ಸೋರಿತ್ತು. ತಳದ ಹಲಗೆ ಉಬ್ಬಿತ್ತು, ಒಂದು ಮೂಲೆ ಬಾಯಿ ಬಿಟ್ಟಿತ್ತು, ಮೇಲಿನ ತೆಳುಪದರ ಹಪ್ಪಳದ ಹಾಗೆ ಎದ್ದಿತ್ತು. ಹಾಸನಕ್ಕೆ ತಂದು, 'ಚೆನ್ನಾಗಿ ಒಣಗಲಿ' ಎಂದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಾರಸಿಯ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಪಟಪಟ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೇಲ್ಪದರ ಅಂಗೈ ಅಗಲದಷ್ಟು ಸೀಳಿ, ಸುರುಳಿಯಾಗಿ ಮುರಿದು ಬಿದ್ದಿತ್ತು. ಎರಡು ಮಳೆಗಾಲ ಮಾಡದ ಹಾನಿಯನ್ನು ನಾನು ಅರ್ಧ ದಿನದಲ್ಲಿ ಮಾಡಿದ್ದೆ. ಕೋಶದ ಗೋಡೆಯಿಂದ ನೀರು ಹೊರಹೋಗುವ ಬಗೆಯನ್ನು ಪುಸ್ತಕದಲ್ಲಿ ಓದಿದ್ದವನೇ ನಾನು. ಓದಿದ್ದು ಕೈಗೆ ಇಳಿದಿರಲಿಲ್ಲ. ನೀವು ಆ ತಪ್ಪು ಮಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆ ಮುಟ್ಟುವ ಮುನ್ನ

ಮೊದಲು ಒಂದು ಎಚ್ಚರಿಕೆ. ಹಳೆಯ ರೇಡಿಯೋ ಕಂಡ ಕೂಡಲೇ 'ಹಾಡುತ್ತದೋ ನೋಡೋಣ' ಎಂದು ವಿದ್ಯುತ್ ಸಂಪರ್ಕ ಕೊಡಬೇಡಿ. ವಾಲ್ವ್‌ಗಳಿಗೆ 200ರಿಂದ 300 ವೋಲ್ಟ್‌ಗಳಷ್ಟು ಏಕಮುಖ ವಿದ್ಯುತ್ ಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಆವೇಶ ಉಳಿದಿರಬಹುದು. ಕೆಲವು ಮಾದರಿಗಳಲ್ಲಿ ಲೋಹದ ಚಾಸಿಗೇ ಮನೆಯ ವಿದ್ಯುತ್ತಿನ ನೇರ ಸಂಪರ್ಕವಿರುತ್ತದೆ. ಯಂತ್ರಭಾಗ, ಸ್ಪೀಕರ್, ಗಾಜಿನ ಪಟ್ಟಿಗಳನ್ನು ತಿಳಿದವರಿಂದ ಹೊರತೆಗೆಸಿ. ಯಾವ ತಿರುಪು ಎಲ್ಲಿಯದು ಎಂದು ಚೀಟಿ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನು ಉಳಿಯುವುದು ಬರೀ ಮರ. ಈಗ ಕೆಲಸ ನಿಮ್ಮದು.

ಇದು ಇಡೀ ಮರವಲ್ಲ

ಹೆಚ್ಚಿನ ರೇಡಿಯೋ ಪೆಟ್ಟಿಗೆಗಳು ಇಡೀ ಹಲಗೆಯಿಂದ ಆದವಲ್ಲ, ಪ್ಲೈವುಡ್ಡಿನಿಂದ ಆದವು. ಮರದ ದಿಮ್ಮಿಯಿಂದ ತೆಳುಹಾಳೆ ಸುಲಿದು, ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡ ಬರುವಂತೆ ಜೋಡಿಸಿ, ನಡುವೆ ಅಂಟು ಹಾಕಿ ಒತ್ತಿದರೆ ಪ್ಲೈವುಡ್ ಸಿದ್ಧ. ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ ಮೂರು, ಐದು, ಏಳು ಹೀಗೆ ಬೆಸ. ಆಗ ನಡುಹಾಳೆಯ ಎರಡೂ ಬದಿ ಸಮವಾಗಿ, ಹಲಗೆ ಒಂದು ಕಡೆಗೆ ಬಾಗುವುದಿಲ್ಲ. ಅದರ ಮೇಲೆ ಅಂದಕ್ಕಾಗಿ ತೇಗ ಅಥವಾ ವಾಲ್‌ನಟ್‌ನಂಥ ಬೆಲೆಬಾಳುವ ಮರದ ಒಂದು ತೆಳುಪದರ. ಇದನ್ನು ವಿನೀರ್ ಎನ್ನುತ್ತಾರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಎಂದರೆ ಎರಡು ಅಂಚೆ ಕಾರ್ಡುಗಳಷ್ಟು. ಈ ಸಂಖ್ಯೆ ನೆನಪಿರಲಿ, ಉಪ್ಪುಕಾಗದ ಹಿಡಿದಾಗ ಬೇಕಾಗುತ್ತದೆ.

ಇಂಥ ಪೆಟ್ಟಿಗೆಯಲ್ಲಿ ಕೆಡುವುದು ಮೂರು: ಹಾಳೆಗಳ ನಡುವಿನ ಅಂಟು, ಮೂಲೆಗಳ ಜೋಡಣೆ, ಮೇಲಿನ ವಿನೀರ್. ಮೂರಕ್ಕೂ ಮುಖ್ಯ ಶತ್ರು ಒಂದೇ, ನೀರು. ಅಮೆರಿಕದಲ್ಲಿ ಹಳೆಯ ಪಿನ್‌ಬಾಲ್ ಆಟದ ಯಂತ್ರಗಳನ್ನು ಉಳಿಸಿಕೊಳ್ಳುವ ಹವ್ಯಾಸಿಗಳದ್ದೂ ಇದೇ ಗೋಳು. ನೆಲಮಾಳಿಗೆಯ ತೇವ ಹೀರಿ ಅವುಗಳ ಪ್ಲೈವುಡ್ ಪೆಟ್ಟಿಗೆಯೂ ತಳದಿಂದಲೇ ಪದರು ಬಿಡುತ್ತದೆ.

ಕೊಬ್ಬರಿ ಕಲಿಸುವ ಪಾಠ

ಚನ್ನರಾಯಪಟ್ಟಣದ ಕಡೆಯ ತೆಂಗಿನ ಬೆಳೆಗಾರರನ್ನು ಕೇಳಿ. ಉಂಡೆ ಕೊಬ್ಬರಿಗಾಗಿ ಅವರು ಕಾಯಿಯನ್ನು ಬಿಸಿಲಿಗೆ ಹಾಕುವುದಿಲ್ಲ. ಅಟ್ಟದ ನೆರಳಿನಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಕಾಯಿ ಅಲುಗಿಸಿದಾಗ ಒಳಗೆ ಲೊಟಲೊಟ ಸದ್ದಾದರೆ ಕೊಬ್ಬರಿ ಆಗಿದೆ ಎಂದರ್ಥ. ಏಕೆ? ತಿರುಳು ನೀರು ಕಳೆದುಕೊಂಡು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಂಡಿದೆ. ಒಣಗುವುದು ಎಂದರೆ ಕುಗ್ಗುವುದು. ನಿಧಾನವಾಗಿ ಒಣಗಿದ್ದು ಒಡೆಯದೆ ಇಡಿಯಾಗಿ ಉಳಿಯುತ್ತದೆ.

ಮರವೂ ಹೀಗೆಯೇ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೋಶಗಳ ಒಳಗಿನ ಪೊಳ್ಳಿನಲ್ಲಿರುವುದು ಬಿಡಿನೀರು. ಕೋಶದ ಗೋಡೆಯಲ್ಲಿ, ಸೆಲ್ಯುಲೋಸ್ ಅಣುಗಳಿಗೆ ಅಂಟಿಕೊಂಡಿರುವುದು ಬಂಧಿತ ನೀರು. ಬಿಡಿನೀರು ಹೋದರೆ ಮರದ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ಬಂಧಿತ ನೀರು ಹೋಗತೊಡಗಿದಾಗ ಮಾತ್ರ ಗೋಡೆ ತೆಳುವಾಗಿ ಮರ ಕುಗ್ಗುತ್ತದೆ. ಈ ಎರಡರ ನಡುವಿನ ಗಡಿ ತೇವಾಂಶ ಸುಮಾರು ಶೇ. 30 ಇರುವಾಗ ಬರುತ್ತದೆ. ಇಲ್ಲಿ ತೇವಾಂಶವೆಂದರೆ ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿದಾಗ ನೀರಿನ ತೂಕ ಎಷ್ಟು ಎಂಬುದು.

ಪೀಠೋಪಕರಣವಾದ ಮೇಲೂ ಈ ಕೊಡುಕೊಳು ನಿಲ್ಲುವುದಿಲ್ಲ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 40 ಇದ್ದರೆ ಮರದ ತೇವಾಂಶ ಏಳೆಂಟಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ 65 ಆದರೆ ಸುಮಾರು 12, ಆರ್ದ್ರತೆ 85 ಆದರೆ 17ರಿಂದ 18. ಇದನ್ನು ಸಮತೋಲನ ತೇವಾಂಶ ಎನ್ನುತ್ತೇವೆ. ಅರಕಲಗೂಡಿನ ತಂಬಾಕು ಬೆಳೆಗಾರರು ಇದನ್ನು ಬೆರಳಿನಲ್ಲೇ ಬಲ್ಲರು. ಹದಗೊಳಿಸುವ ಮನೆಯಿಂದ ಬಂದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಗಾಳಿಯ ತೇವ ಹೀರಿ ಮೆತ್ತಗಾಗುವವರೆಗೆ ಅವರು ಅದನ್ನು ಅಲುಗಿಸುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವಾರ್ಷಿಕ ಉಂಗುರಗಳಿಗೆ ಅಡ್ಡಲಾಗಿ ಹೆಚ್ಚು, ಉಂಗುರದ ಗುಂಟ ಅದರ ಸುಮಾರು ಎರಡರಷ್ಟು. ಒಳ್ಳೆಯದೆನಿಸಿಕೊಂಡ ತೇಗವೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ ಶೇ. 5ರಿಂದ 6ರಷ್ಟು ಕುಗ್ಗುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 30 ಸೆಂ.ಮೀ. ಅಗಲದ ಇಂಥ ಹಲಗೆಯ ತೇವಾಂಶ 16ರಿಂದ 10ಕ್ಕೆ ಇಳಿದರೆ ಅಗಲ ಸುಮಾರು ಮೂರು ಮಿಲಿಮೀಟರ್ ಕಡಿಮೆಯಾಗುತ್ತದೆ. ಮಲೆನಾಡಿನ ಅಂಚಿನಲ್ಲಿ ಮಳೆಗಾಲ ಕಳೆದ ಪೆಟ್ಟಿಗೆ ಬಯಲುಸೀಮೆಯ ಬೇಸಿಗೆಗೆ ಬಂದರೆ ಇಷ್ಟು ವ್ಯತ್ಯಾಸ ಸಹಜ.

ಈಗ ನನ್ನ ತಾರಸಿಯ ಅನಾಹುತಕ್ಕೆ ಕಾರಣ ಹೇಳಬಹುದು. ಬಿಸಿಲಿಗೆ ಮೇಲಿನ ವಿನೀರ್ ಕೂಡಲೇ ಒಣಗಿ ಕುಗ್ಗಲು ಹೊರಟಿತು. ಅದರ ಕೆಳಗಿನ ಹಾಳೆಗಳು ಇನ್ನೂ ತೇವದಿಂದ ಉಬ್ಬಿಯೇ ಇದ್ದವು. ಅವುಗಳ ಎಳೆ ಅಡ್ಡವಾಗಿದ್ದುದರಿಂದ ಕುಗ್ಗಲು ಬಿಡಲೂ ಇಲ್ಲ. ಮರಕ್ಕೆ ಎಳೆಯ ಉದ್ದಕ್ಕೆ ಎಳೆತ ತಡೆಯುವ ಬಲ ಬಹಳ, ಅಡ್ಡಕ್ಕೆ ಬಹಳ ಕಡಿಮೆ. ಹೀಗೆ ಹಿಡಿದೆಳೆದಾಗ ವಿನೀರ್ ಸೀಳದೆ ಬೇರೆ ದಾರಿಯೇ ಇರಲಿಲ್ಲ.

ತಕ್ಕಡಿಯೇ ತೇವಮಾಪಕ

ಹಾಗಾದರೆ ಒಣಗಿಸುವುದು ಹೇಗೆ? ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ನೆಲಕ್ಕೆ ತಗಲದಂತೆ ಎರಡು ಪಟ್ಟಿಗಳ ಮೇಲಿಟ್ಟು. ಫ್ಯಾನಿನ ಗಾಳಿ ನೇರವಾಗಿ ಬೀಸುವುದೂ ಬೇಡ. ಎಷ್ಟು ದಿನ ಎಂಬುದಕ್ಕೆ ಮಾತ್ರ ತಕ್ಕಡಿಯೇ ಉತ್ತರ ಹೇಳಬೇಕು.

ಹತ್ತು ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಬರಿಯ ಪೆಟ್ಟಿಗೆಯನ್ನು ಎರಡು ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ, ತಾರೀಖಿನ ಎದುರು ಬರೆದಿಡಿ. ಪೆಟ್ಟಿಗೆಯ ಒಣತೂಕ 5 ಕಿಲೋಗ್ರಾಂ ಎಂದುಕೊಳ್ಳಿ. ತೇವಾಂಶ ಶೇ. 20 ಇದ್ದಾಗ ಅದು 6 ಕಿಲೋ ತೂಗುತ್ತದೆ, 12ಕ್ಕೆ ಇಳಿದಾಗ 5 ಕಿಲೋ 600 ಗ್ರಾಂ. ಕಣ್ಣಿಗೆ ಕಾಣದ 400 ಗ್ರಾಂ ನೀರನ್ನು ತಕ್ಕಡಿ ಕಾಣಿಸುತ್ತದೆ. ದಿನವನ್ನು ಅಡ್ಡಕ್ಕೆ, ತೂಕವನ್ನು ಉದ್ದಕ್ಕೆ ಗುರುತಿಸಿ ನಕ್ಷೆ ಬರೆಯಿರಿ. ಗೆರೆ ಮೊದಲು ಚುರುಕಾಗಿ ಇಳಿದು, ಬರಬರುತ್ತಾ ಇಳಿಜಾರು ಕಳೆದುಕೊಂಡು ಕೊನೆಗೆ ಸಮತಟ್ಟಾಗುತ್ತದೆ. ಮೂರು ನಾಲ್ಕು ತೂಕಗಳು ಒಂದೇ ಬಂದವೆಂದರೆ ಪೆಟ್ಟಿಗೆ ನಿಮ್ಮ ಕೋಣೆಯ ಗಾಳಿಯೊಂದಿಗೆ ಸಮತೋಲನಕ್ಕೆ ಬಂದಿದೆ. ನನ್ನದಕ್ಕೆ ಐದು ವಾರ ಬೇಕಾಯಿತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಆಗ ಗೆರೆ ಸಮತಟ್ಟಾದರೂ ತೇವಾಂಶ 17ರ ಆಸುಪಾಸಿನಲ್ಲೇ ಉಳಿದಿರುತ್ತದೆ. ದೀಪಾವಳಿಯ ನಂತರ ಆರಂಭಿಸುವುದು ಮೇಲು.

ಕಾಯುವ ದಿನಗಳಲ್ಲಿ ಹುಳು ಪರೀಕ್ಷೆ ಮಾಡಿ. ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ. ಅದಕ್ಕೆ ಬೇಕಾದ್ದು ಮರದ ಪಿಷ್ಟ. ಹಾಗಾಗಿ ಚೇಗಿಗಿಂತ ಹೊರಗಿನ ಬಿಳಿಮರವೇ ಅದಕ್ಕೆ ಇಷ್ಟ. ಗೆದ್ದಲಾದರೆ ಮಣ್ಣಿನ ಸುರಂಗದ ಗುರುತಿರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಬನ್ನಿ, ಟೊಳ್ಳಾದ ಕಡೆ ಸದ್ದು ಮಂಕಾಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಲೇಪವಿಲ್ಲದ ಒಳಮೈಗೆ ಬಳಿದರೆ ಎರಡಕ್ಕೂ ತಡೆ. ಬಳಿದ ಮೇಲೆ ಮತ್ತೆ ಒಣಗಬೇಕು, ಮತ್ತೆ ತಕ್ಕಡಿ. ಬೂಷ್ಟು ಕಂಡರೆ ಹೆದರಬೇಕಿಲ್ಲ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಸುಮಾರು ಶೇ. 20ಕ್ಕಿಂತ ಹೆಚ್ಚು ತೇವಾಂಶ ಬೇಕು. ಒಣಗಿದ ಪೆಟ್ಟಿಗೆಯಲ್ಲಿ ಅದು ಬೆಳೆಯಲಾರದು.

ಅಂಟು ಹಿಡಿಯುವುದು ಹೇಗೆ?

ಹೊಳೆನರಸೀಪುರದ ಒಬ್ಬ ಹಿರಿಯ ಬಡಗಿ ನನ್ನ ಪೆಟ್ಟಿಗೆಯ ಬಾಯಿಬಿಟ್ಟ ಮೂಲೆಯನ್ನು ನೋಡಿ, 'ಹಳೇ ಅಂಟಿನ ಮೇಲೆ ಹೊಸ ಅಂಟು ಹಾಕಿದರೆ ಗೋಡೆಯ ಧೂಳಿಗೆ ಸುಣ್ಣ ಬಳಿದ ಹಾಗೆ' ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಂಟು ಹಿಡಿಯಬೇಕಾದರೆ ಅದರ ಅಣುಗಳು ಮರದ ಕೋಶಗಳೊಳಕ್ಕೆ ಇಳಿದು ಸೆಲ್ಯುಲೋಸನ್ನು ಮುಟ್ಟಬೇಕು. ನಡುವೆ ಹಳೆಯ ಅಂಟಿನ ಗಟ್ಟಿ ಪದರವಿದ್ದರೆ ಅದು ಆಗದು.

ಹಳೆಯ ಅಂಟು ಯಾವುದು ಎಂದು ತಿಳಿಯಲು ಒಂದು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಜೋಡಣೆಯ ಮೇಲೆ ಕೆಲವು ನಿಮಿಷ ಇಡಿ. ಮೆತ್ತಗಾಗಿ ಜಿಗುಟಾದರೆ ಅದು ಚರ್ಮ ಮತ್ತು ಮೂಳೆ ಬೇಯಿಸಿ ಮಾಡಿದ ಸರೇಸು. ಅದು ಬೆಲ್ಲದಂತೆ, ಬಿಸಿ ಮತ್ತು ನೀರು ಸಿಕ್ಕರೆ ಮತ್ತೆ ಕರಗುತ್ತದೆ, ಒರೆಸಿ ತೆಗೆಯಬಹುದು. ಏನೂ ಆಗದಿದ್ದರೆ ಅದು ಫಾರ್ಮಾಲ್ಡಿಹೈಡ್ ರಾಳದ ಜಾತಿಯ ಅಂಟಿರಬಹುದು. ಅದು ಸುಟ್ಟ ಇಟ್ಟಿಗೆಯಂತೆ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಅದನ್ನು ಉಳಿಯ ಅಂಚಿನಿಂದ ಮೆಲ್ಲಗೆ ಕೆರೆದೇ ತೆಗೆಯಬೇಕು.

ಹೊಸದಾಗಿ ಹಚ್ಚಲು ಅಂಗಡಿಯಲ್ಲಿ ಸಿಗುವ ಬಿಳಿ ಅಂಟು ಸಾಕು. ಅದು ಪಾಲಿವಿನೈಲ್ ಅಸಿಟೇಟಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುವ ದ್ರವ. ನೀರನ್ನು ಮರ ಹೀರಿಕೊಂಡಾಗ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪೊರೆಯಾಗುತ್ತವೆ. ತೇವದ ಮರಕ್ಕೆ ಇದನ್ನು ಏಕೆ ಹಚ್ಚಬಾರದೆಂಬುದು ಈಗ ಸ್ಪಷ್ಟ: ಮರಕ್ಕೆ ನೀರು ಹೀರುವ ಬಾಯಾರಿಕೆ ಇಲ್ಲದಿದ್ದರೆ ಅಂಟು ಗಟ್ಟಿಯಾಗಲು ಬಹಳ ತಡ, ಆದರೂ ದುರ್ಬಲ. ಆಮೇಲೆ ಮರ ಕುಗ್ಗಿದಾಗ ಆ ಅಂಟೂ ಬಿಡುತ್ತದೆ.

ಹೆಚ್ಚು ಅಂಟು ಹಾಕಿದರೆ ಹೆಚ್ಚು ಬಲ ಎಂಬುದು ತಪ್ಪು ತಿಳಿವಳಿಕೆ. ಎರಡು ಮೈಗಳ ನಡುವಿನ ಪೊರೆ ತೆಳುವಾದಷ್ಟೂ ಬಲ ಹೆಚ್ಚು. ಅದಕ್ಕೆ ಒತ್ತಡ ಬೇಕು. 20 ಕಿಲೋ ತೂಕದ ಬೀಸುಕಲ್ಲು ಹೇರಿದರೆ ಸಿಗುವುದು 200 ನ್ಯೂಟನ್ ಬಲ. ಅದೇ ತಿರುಪು ಇರುವ ಸಣ್ಣ ಕ್ಲಾಂಪನ್ನು ನೋಡಿ. ಹಿಡಿ 5 ಸೆಂ.ಮೀ. ಉದ್ದ, ತಿರುಪಿನ ಒಂದು ಸುತ್ತಿಗೆ ಮುನ್ನಡೆ 2 ಮಿ.ಮೀ. ಎಂದರೆ ಕೈ 314 ಮಿ.ಮೀ. ಸುತ್ತುವಾಗ ತುದಿ 2 ಮಿ.ಮೀ. ಚಲಿಸುತ್ತದೆ. ಲೆಕ್ಕದ ಪ್ರಕಾರ ಬಲ 157 ಪಟ್ಟು. ಘರ್ಷಣೆ ಬಹುಪಾಲನ್ನು ನುಂಗಿ ಐದನೆಯ ಒಂದು ಭಾಗ ಉಳಿದರೂ, ಕೈಯ 50 ನ್ಯೂಟನ್ ಬಲ ಸುಮಾರು 1,500 ನ್ಯೂಟನ್ ಆಗುತ್ತದೆ. ಅದು 150 ಕಿಲೋ ಹೇರಿದ ಹಾಗೆ! ಕ್ಲಾಂಪಿನ ಬಾಯಿಗೆ ಮರದ ಚೂರು ಕೊಡುವುದನ್ನು ಮರೆತರೆ ಪೆಟ್ಟಿಗೆಯಲ್ಲಿ ಹಳ್ಳ ಬೀಳುವುದು ಖಂಡಿತ.

ದುಂಡನೆಯ ಮೂಲೆಗಳಿಗೆ ಕ್ಲಾಂಪ್ ಕೂರುವುದಿಲ್ಲ. ಆಗ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಪೆಟ್ಟಿಗೆಗೆ ಸುತ್ತಿ. ಪ್ರತಿ ಸುತ್ತೂ ತನ್ನ ಎಳೆತವನ್ನು ಸೇರಿಸುತ್ತದೆ, ಬಾಗಿದ ಮೈಮೇಲೆ ಅದು ಒಳಮುಖ ಒತ್ತಡವಾಗುತ್ತದೆ. ಬಿಗಿದ ಮೇಲೆ ಮರೆಯದೆ ಎರಡು ಕರ್ಣಗಳನ್ನೂ ದಾರದಿಂದ ಅಳೆಯಿರಿ. ಎರಡೂ ಸಮವಿದ್ದರೆ ಚೌಕ ಸರಿಯಾಗಿದೆ. ಇಲ್ಲದಿದ್ದರೆ ಉದ್ದ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತಿ, ಅಂಟು ಹಸಿಯಿರುವಾಗಲೇ. ಒಂದು ಇಡೀ ದಿನ ಬಿಚ್ಚಬೇಡಿ.

ಎದ್ದ ಪದರ, ಹೋದ ಚೂರು

ಉಬ್ಬಿದ ವಿನೀರನ್ನು ಎಳೆಯ ಗುಂಟ ಹರಿತವಾದ ಅಲಗಿನಿಂದ ಸಣ್ಣಗೆ ಸೀಳಿ. ಇಂಜೆಕ್ಷನ್ ಸಿರಿಂಜಿನಿಂದ ಸ್ವಲ್ಪ ನೀರು ಬೆರೆಸಿದ ಅಂಟನ್ನು ಒಳಗೆ ಬಿಡಿ. ಕಿರಿದಾದ ಸಂದಿಯಲ್ಲಿ ಲೋಮನಾಳ ಕ್ರಿಯೆಯಿಂದ ಅದು ತಾನೇ ಹರಡುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಒತ್ತಡ. ಪ್ಲಾಸ್ಟಿಕ್ ಹಾಳೆ ಮರೆತರೆ ಹಲಗೆಯೂ ಪೆಟ್ಟಿಗೆಯ ಭಾಗವಾಗುತ್ತದೆ.

ಕಳೆದುಹೋದ ಚೂರಿಗೆ ಅದೇ ಮರದ ವಿನೀರ್ ತುಂಡು ಬೇಕು. ತೇಪೆಯನ್ನು ಚೌಕವಾಗಿ ಕತ್ತರಿಸಬೇಡಿ, ದೋಣಿಯಾಕಾರದಲ್ಲಿ ಕತ್ತರಿಸಿ. ಎಳೆಗೆ ಅಡ್ಡ ಬರುವ ನೇರ ಗೆರೆ ಕಣ್ಣಿಗೆ ಹೊಡೆಯುತ್ತದೆ, ಓರೆ ಗೆರೆ ಎಳೆಗಳಲ್ಲಿ ಕರಗುತ್ತದೆ. ತಳದ ಹಲಗೆ ಪದರ ಪದರವಾಗಿ ಪೂರ್ತಿ ಬಿಟ್ಟಿದ್ದರೆ ಅದನ್ನು ಹೊಸ ಪ್ಲೈವುಡ್‌ನಿಂದ ಬದಲಿಸುವುದೇ ಸರಿ. ಭಾರತೀಯ ಮಾನಕ ಐ.ಎಸ್. 303 ಅಥವಾ ಐ.ಎಸ್. 710 ಮುದ್ರೆ ಇರುವುದನ್ನು ಕೊಳ್ಳಿ. ಎರಡನೆಯದು ನೀರಿನಲ್ಲಿ ಗಂಟೆಗಟ್ಟಲೆ ಕುದಿಸುವ ಪರೀಕ್ಷೆಯನ್ನು ತಾಳಿಕೊಳ್ಳುವಂಥದ್ದು.

ಇನ್ನು ಉಪ್ಪುಕಾಗದ. ವಿನೀರ್ ಎರಡು ಅಂಚೆ ಕಾರ್ಡುಗಳಷ್ಟೇ ದಪ್ಪ ಎಂದೆನಲ್ಲವೆ? ಉಜ್ಜುವ ಯಂತ್ರ ಅದನ್ನು ಕ್ಷಣಮಾತ್ರದಲ್ಲಿ ದಾಟಿ ಕೆಳಗಿನ ಬಿಳಿ ಹಾಳೆಯನ್ನು ತೋರಿಸಿಬಿಡುತ್ತದೆ. ಕೈಯಿಂದಲೇ, ಚಪ್ಪಟೆ ಮರದ ತುಂಡಿಗೆ 220ನೇ ಸಂಖ್ಯೆಯ ಕಾಗದ ಸುತ್ತಿ, ಎಳೆಯ ಗುಂಟ ಮಾತ್ರ ಉಜ್ಜಿ. ಮೂಗು ಬಾಯಿಗೆ ಮುಖಗವಸು ಇರಲಿ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಖಚಿತವಾಗಿ ವರ್ಗೀಕರಿಸಿದೆ.

ಕೊನೆಯ ಲೇಪ

ಹಳೆಯ ಲೇಪವನ್ನು ಪೂರ್ತಿ ತೆಗೆಯಬೇಕಿಲ್ಲ. ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ. ಮೆತ್ತಗಾದರೆ ಅದು ಅರಗು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಅದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅರಗಾದರೆ ನಿಮ್ಮ ಕೆಲಸ ಸುಲಭ. 100 ಗ್ರಾಂ ಅರಗಿನ ಹಕ್ಕಳೆಯನ್ನು ಅರ್ಧ ಲೀಟರ್ ಸ್ಪಿರಿಟ್ಟಿನಲ್ಲಿ ಒಂದು ರಾತ್ರಿ ನೆನೆಸಿ, ಸೋಸಿ, ಹತ್ತಿ ಸುತ್ತಿದ ಬಟ್ಟೆಯಿಂದ ತೆಳುವಾಗಿ ಹಚ್ಚಿ. ಹೊಸ ಲೇಪ ಹಳೆಯದನ್ನು ಸ್ವಲ್ಪ ಕರಗಿಸಿ ಒಂದಾಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಅಗಸೆ ಎಣ್ಣೆ ಬಳಸಿದರೆ ಆ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ. ಎಣ್ಣೆ ಉತ್ಕರ್ಷಣಗೊಳ್ಳುವಾಗ ಹುಟ್ಟುವ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಯಾವ ಲೇಪವೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ಆ ನಿಧಾನವೇ ಪೆಟ್ಟಿಗೆಯನ್ನು ಸೀಳದಂತೆ ಕಾಯುವುದು.

ಪೆಟ್ಟಿಗೆ ಬರೀ ಹೊದಿಕೆಯೇ?

ಇಷ್ಟೆಲ್ಲ ಕಷ್ಟ ಏಕೆ, ಯಂತ್ರ ಹಾಡಿದರೆ ಸಾಲದೆ ಎನ್ನಬಹುದು. ಸ್ಪೀಕರಿನ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಬರಿಯ ಸ್ಪೀಕರಿನಲ್ಲಿ ಇವೆರಡೂ ಅಂಚು ಬಳಸಿ ಸೇರಿ ಒಂದನ್ನೊಂದು ಅಳಿಸುತ್ತವೆ. ತಗ್ಗು ಸ್ವರಗಳಲ್ಲಿ ಇದು ಹೆಚ್ಚು. 100 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 3.4 ಮೀಟರ್, ಅದಕ್ಕೆ ಹೋಲಿಸಿದರೆ ಸ್ಪೀಕರಿನ ಅಂಚು ಬಳಸುವ ದಾರಿ ಏನೂ ಅಲ್ಲ. ಪೆಟ್ಟಿಗೆ ಆ ದಾರಿಯನ್ನು ಉದ್ದ ಮಾಡುತ್ತದೆ. ಹಳೆಯ ರೇಡಿಯೋದ ಆ ತುಂಬುದನಿಗೆ ಇದೊಂದು ಕಾರಣ. ಮೂಲೆ ಬಿಟ್ಟಿದ್ದರೆ, ಪದರ ಎದ್ದಿದ್ದರೆ ಆ ದನಿಯಲ್ಲಿ ಗೊರಗೊರ ಸೇರುತ್ತದೆ. ಆದರೆ ಹಿಂಬದಿಯ ತೂತುಗಳನ್ನು ಮುಚ್ಚಬೇಡಿ. ವಾಲ್ವ್‌ಗಳ ಬಿಸಿ ಹೊರಹೋಗುವುದು ಅಲ್ಲಿಂದಲೇ.

ತಂದೆಯವರ ರೇಡಿಯೋ ಈಗ ಹಾಸನದ ಮನೆಯ ನಡುಕೋಣೆಯಲ್ಲಿದೆ. ಯಂತ್ರ ಇನ್ನೂ ಮೆಕ್ಯಾನಿಕ್ಕಿನ ಮೇಜಿನ ಮೇಲಿದೆ. ಪೆಟ್ಟಿಗೆ ಮಾತ್ರ ಕಾಯುತ್ತಿದೆ. ನಾನು ಸೀಳಿದ ಜಾಗದಲ್ಲಿ ಹಾಕಿದ ತೇಪೆಯ ಬಣ್ಣ ಒಂದು ಛಾಯೆ ತಿಳಿ. ಎಷ್ಟೇ ಅರಗು ಹಚ್ಚಿದರೂ ಹಗಲಿನ ಬೆಳಕಿನಲ್ಲಿ ಕಾಣುತ್ತದೆ. ಅದನ್ನು ಮುಚ್ಚುವ ಪ್ರಯತ್ನ ಬಿಟ್ಟಿದ್ದೇನೆ. ಹಿಂಬದಿಯ ಹಲಗೆ ಮಾರ್ಚಿಯಲ್ಲಿ ಸಡಿಲ, ಜುಲೈಯಲ್ಲಿ ಬಿಗಿ. ಅದರ ತೂಕವನ್ನು ಈಗಲೂ ತಿಂಗಳಿಗೊಮ್ಮೆ ಬರೆದಿಡುತ್ತೇನೆ. ನಿಮ್ಮ ಅಟ್ಟದಲ್ಲೂ ಇಂಥದೊಂದು ಇದ್ದರೆ ಉಳಿ, ಅಂಟು ಕೊಳ್ಳುವ ಮುನ್ನ ಒಂದು ತಕ್ಕಡಿ, ಒಂದು ಪುಸ್ತಕ ತಂದಿಡಿ. ಮೊದಲ ತೂಕ ಬರೆದ ದಿನವೇ ದುರಸ್ತಿ ಆರಂಭವಾಯಿತೆಂದು ತಿಳಿಯಿರಿ.